‘ಐತ್ರಿ’ ಎಂಬ ಉತ್ತರಕ್ಕೆ ಜಾಗವಿಲ್ಲ

ಇಂಡಿ ಪಟ್ಟಣದ ಲಿಂಬೆ ವ್ಯಾಪಾರಿಯೊಬ್ಬರನ್ನು ನಮ್ಮ ಲಾಡ್ಜಿನ ಹಿರಿಯರು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ. ಅವರು ಮಾಡಿದ ಅಪರಾಧ ಇಷ್ಟೇ: ಕೇಳಿದ ಪ್ರಶ್ನೆಗೆ ನಿಜ ಹೇಳಿದರು. ಸುಳ್ಳು ಹೇಳಿದ್ದರೆ ಇಷ್ಟು ಹೊತ್ತಿಗೆ ಅವರು ನಮ್ಮೆಲ್ಲರ ಸಹೋದರರಾಗಿ, ನಮ್ಮ ಸಾಲಿನಲ್ಲಿ, ನಮ್ಮ ಬಿಳಿ ಬಟ್ಟೆ ಕಟ್ಟಿಕೊಂಡು ಕುಳಿತಿರುತ್ತಿದ್ದರು. ಈ ಆರೋಪವನ್ನು ನಾನು ಹೊರಗಿನವನಾಗಿ ಮಾಡುತ್ತಿಲ್ಲ. ಆ ದಿನ ಅವರ ಕೈ ಹಿಡಿದು ಒಳಗೆ ಕರೆದೊಯ್ದವನು ನಾನು. ಅದೇ ಕೈ ಹಿಡಿದು ಹೊರಗೆ ಕರೆತಂದವನೂ ನಾನೇ.

ಲಾಡ್ಜ್ ಎಂದರೆ ನಮ್ಮ ಕಡೆ ಎಲ್ಲರಿಗೂ ತಿಳಿದಿರುವುದು ಊಟ ವಸತಿಯ ಲಾಡ್ಜ್ ಮಾತ್ರ. ನಾನು ಸೇರಿದ ಸುದ್ದಿ ದೇವಣಗಾಂವಿಯಲ್ಲಿದ್ದ ನನ್ನ ಅವ್ವನಿಗೆ ಮುಟ್ಟಿದಾಗ ಅವಳು ಬಸ್ಸು ಹತ್ತಿ ಇಂಡಿಗೆ ಬಂದುಬಿಟ್ಟಳು. “ಲಾಜಿನ್ಯಾಗ ಇರಾಕ ಹೊಂಟಿ ಅಂತಲ್ಲೋ? ಬಾಡಿಗಿ ಮನಿಗೆ ಏನ ಬ್ಯಾನಿ ಬಂದಿತ್ತು?” ಎಂದು ಬಾಗಿಲಲ್ಲೇ ಗಂಟು ಇಳಿಸಿದಳು. ಅದು ಇರುವ ಲಾಡ್ಜ್ ಅಲ್ಲ, ಬೇರೆ ಬೇರೆ ಜಾತಿ ಕಸುಬಿನ ಗಂಡಸರು ತಿಂಗಳಿಗೊಮ್ಮೆ ಕೂಡಿ, ಒಬ್ಬರನ್ನೊಬ್ಬರು ಸಹೋದರ ಎಂದು ಕರೆದು, ಕೆಲವು ವಿಧಿಗಳನ್ನು ನಡೆಸುವ ಕೂಟ ಎಂದು ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ಸ್ವಂತ ತಮ್ಮಗ ಪತ್ರಾ ಬರಿಯಾಕ ಆಗೂದಿಲ್ಲ ನಿನಗ, ಊರ ಮಂದಿಗೆಲ್ಲ ತಮ್ಮ ಆಗಾಕ ಹೊಂಟಿ” ಎಂದಳು.

ನಮ್ಮದು ಒಂದೇ ಊರಿನ ಲಾಡ್ಜ್ ಅಲ್ಲ. ಇಂಡಿ, ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ, ಈ ನಾಲ್ಕು ಊರುಗಳಲ್ಲಿ ತಿಂಗಳಿಗೊಂದರಂತೆ ಸರದಿಯಲ್ಲಿ ಸೇರುತ್ತೇವೆ. ಸ್ವಂತ ಕಟ್ಟಡವಿಲ್ಲ. ಇಂಡಿಯಲ್ಲಿ ವಾಚನಾಲಯದ ಮೇಲಿನ ಕೋಣೆ, ಸಿಂದಗಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನ ಆಫೀಸು, ಮುದ್ದೇಬಿಹಾಳದಲ್ಲಿ ವಕೀಲರ ವಾಡೆ, ಬಾಗೇವಾಡಿಯಲ್ಲಿ ರವಿವಾರ ಬೀಗ ಹಾಕಿರುವ ಒಂದು ಹಳೆಯ ಸಾಲೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬಾಗಿಲು ಮುಚ್ಚಿಕೊಂಡು ಹತ್ತು ಮಂದಿ ಕೂತರೆ ಪೋಲೀಸರಿಗೆ ಏನೆಂದು ಹೇಳುವುದು ಎಂಬ ಭಯಕ್ಕೆ ಸಭೆಗಳು ನಿಂತಿದ್ದವು. ಅದು ಮುಗಿದ ಮೇಲೆ ಮತ್ತೆ ಶುರುವಾದವು. ನಾನು ಸೇರಿದ್ದು ಆಗಲೇ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಎಲ್ಲರ ಮೇಲೂ ಸಿಟ್ಟು ಹೊತ್ತುಕೊಂಡು, ಇಂಡಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದ ಹೊಸತರಲ್ಲಿ.

ಸೇರಿದ್ದು ನಂಬಿ ಅಲ್ಲ, ಬಯಲು ಮಾಡಲು. ಮುಚ್ಚಿದ ಬಾಗಿಲಿನ ಹಿಂದೆ ಉಳ್ಳವರು ಏನು ಮಾಡುತ್ತಾರೆಂದು ನೋಡಿ ಬರೆಯಬೇಕೆಂದಿದ್ದೆ. ಆದರೆ ನನ್ನನ್ನು ಒಳಗೆ ತೆಗೆದುಕೊಂಡ ದಿನ ಸಭೆ ನಡೆಸುವ ನಮ್ಮ ಮುಖ್ಯಪೀಠದವರಾದ ಮುದ್ದೇಬಿಹಾಳದ ವಕೀಲರು, ತಲೆತಲಾಂತರದ ಜಮೀನುದಾರರು, ಮನೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಕನ್ನಡ ಆಡುವ ವೈಷ್ಣವ ಮನೆತನದವರು, ಪೀಠದಿಂದ ಇಳಿದು ಬಂದು ಸಹೋದರರ ಗುರುತಾದ ಬಿಳಿ ಬಟ್ಟೆಯನ್ನು ತಮ್ಮ ಕೈಯಾರೆ ನನ್ನ ಸೊಂಟಕ್ಕೆ ಕಟ್ಟಿದರು. ಬೇರೆ ಕಡೆಯ ಲಾಡ್ಜುಗಳಲ್ಲಿ ಅದು ಕುರಿಯ ಚರ್ಮದ್ದಂತೆ. ನಮ್ಮವರು ಖಾದಿಗೆ ಬದಲಾಯಿಸಿಕೊಂಡಿದ್ದಾರೆ. ಗಂಟು ಬಿಗಿಯಲು ವಕೀಲರು ಬಗ್ಗಬೇಕಾಯಿತು. ಅವರ ನೆತ್ತಿ ನನ್ನ ಎದೆಯ ಮಟ್ಟಕ್ಕೆ ಬಂತು. ನಾನು ಕುರಿ ಕಾಯುವ ಮನೆತನದವನು. ನನ್ನ ಅಪ್ಪ ಇಂಥ ವಾಡೆಗಳ ಅಂಗಳದಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು, ಯಾರಾದರೂ ಹೊರಗೆ ಬಂದು ಏನು ಬೇಕೆಂದು ಕೇಳುವವರೆಗೆ ನಿಂತವನು. ಆ ಗಂಟಿನ ಬಿಗಿ ಸೊಂಟಕ್ಕೆ ತಾಗಿದಾಗ, ಬರೆಯಬೇಕೆಂದುಕೊಂಡಿದ್ದ ಲೇಖನ ನನ್ನೊಳಗೆ ಕರಗಿಹೋಯಿತು. ಆದ್ದರಿಂದ ಈಗ ಬರೆಯುತ್ತಿರುವುದು ಬೇರೆ ಲೇಖನ. ಆ ಗಂಟನ್ನು ನಂಬಿದವನು ಬರೆಯುತ್ತಿರುವುದು.

ಮೊದಲ ವರ್ಷ ನನಗೆ ಒಳಬಾಗಿಲಿನ ಕೆಲಸ ಕೊಟ್ಟರು. ಹೊರಗಿನಿಂದ ಬಡಿದವರು ಯಾರೆಂದು ಕೇಳಿ ಸಭೆಗೆ ತಿಳಿಸುವ ಪಾತ್ರ ಅದು. ವಿಧಿಯ ಪ್ರಕಾರ ಹೊರಗಿನವರು ಒಂದು ಗಂಭೀರವಾದ ಮಾತನ್ನು ಹೇಳಬೇಕು; ಆದರೆ ನಮ್ಮ ಮಂದಿಗೆ ಬಾಗಿಲು ಬಡಿದು “ಯಾರವರು?” ಅನ್ನಿಸಿಕೊಂಡರೆ ಬಾಯಿಗೆ ಬರುವುದು ಒಂದೇ: “ನಾನ್ರಿ.” ಒಬ್ಬರಂತೂ “ನಾನ್ರಿ, ತಗೀರಿ, ಬಿಸಲ ಭಾಳ ಐತಿ” ಎಂದಿದ್ದರು. ನಾನು ನಗು ತಡೆದುಕೊಂಡು ಮುಖ ಗಂಟಿಕ್ಕಿ ನಿಲ್ಲುವುದನ್ನು ಕಲಿತೆ. ಎರಡನೆಯ ವರ್ಷ ನನ್ನನ್ನು ಕೈಹಿಡಿಯುವವನನ್ನಾಗಿ ಮಾಡಿದರು. ಹೊಸದಾಗಿ ಸೇರುವವರನ್ನು ಪಕ್ಕದ ಕೋಣೆಯಲ್ಲಿ ಸಿದ್ಧಪಡಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಡಿದು ಸಭೆಯ ಸುತ್ತ ನಡೆಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಕಿವಿಯಲ್ಲಿ ಹೇಳಿಕೊಡುವ ಪಾತ್ರ. ನಮ್ಮ ಗುರುತಿನ ಮಾತು, ಕೈಕುಲುಕುವ ರೀತಿ, ಪ್ರತಿಜ್ಞೆ ಇವು ಗುಟ್ಟು. ಅವುಗಳಲ್ಲಿ ಒಂದನ್ನೂ ನಾನಿಲ್ಲಿ ಹೇಳುವುದಿಲ್ಲ. ಹೇಳುವುದು ಒಂದು ಪ್ರಶ್ನೆಯನ್ನು ಮಾತ್ರ. ಅದು ಇಂಡಿಯ ಪೇಟೆಯಲ್ಲಿ ಹೊರೆ ಹೊರುವ ಹಮಾಲರ ಬಾಯಲ್ಲೂ ಓಡಾಡುತ್ತಿರುವುದರಿಂದ ಗುಟ್ಟಾಗಿ ಉಳಿದಿಲ್ಲ.

ಲಿಂಬೆ ವ್ಯಾಪಾರಿಯನ್ನು ನಾನು ಕಾಕಾ ಎನ್ನುತ್ತಿದ್ದೆ, ಇಡೀ ಪೇಟೆಯೇ ಹಾಗೆ ಕರೆಯುತ್ತಿತ್ತು. ತಾಂಬಾದಲ್ಲಿ ಹುಟ್ಟಿದ ಲಿಂಗವಂತರು. ತಂದೆ ತಾಯಿ ತೀರಿದ ಮೇಲೆ ದೂರದ ಅತ್ತೆಯೊಬ್ಬಳ ಮನೆಯಲ್ಲಿ ಬೆಳೆದವರು. ಆ ಅತ್ತೆಯೂ ಹೋದಳು. ಅಣ್ಣತಮ್ಮಂದಿರಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ, ಮನೆಯಲ್ಲಿ ಹೆಂಡತಿ, ನಮಗೆಲ್ಲ ಕಾಕು, ಒಬ್ಬರೇ. ತೋಟಗಳಿಂದ ಕಾಯಿ ಕೊಂಡು ಲಾರಿಗೆ ತುಂಬಿಸುವುದು ಕೆಲಸ. ಕೈಗೆ ಯಾವಾಗಲೂ ಲಿಂಬೆಯ ಸಿಪ್ಪೆಯ ವಾಸನೆ. ಮಾತಿನಲ್ಲಿ ಯಾರಿಗೂ ಸೋಲುವವರಲ್ಲ.

ನಮ್ಮ ಲಾಡ್ಜಿನ ಡಾಕ್ಟರೊಬ್ಬರು ಇಂಡಿಯಲ್ಲಿ ತೀರಿಕೊಂಡಾಗ ನಾವೆಲ್ಲ ಬಿಳಿ ಬಟ್ಟೆ ಕಟ್ಟಿಕೊಂಡು ಮಣ್ಣು ಮಾಡುವಲ್ಲಿಗೆ ಹೋಗಿದ್ದೆವು. ಎಲ್ಲ ಮುಗಿದ ಮೇಲೆ ಸುತ್ತ ನಿಂತು ಒಬ್ಬರ ಕೈ ಒಬ್ಬರು ಹಿಡಿಯುವುದು ನಮ್ಮ ಪದ್ಧತಿ. ಒಂದು ಕಡೆ ಮಾತ್ರ ಕೈ ಬಿಟ್ಟು ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಬಿಡುತ್ತೇವೆ. ಮಂದಿ ಹಿಂದೆ ನಿಂತು ನೋಡಿದ ಕಾಕಾ ಮರುದಿನ ನಮ್ಮ ಹೈಸ್ಕೂಲಿನ ಗೇಟಿನಲ್ಲಿ ನನ್ನನ್ನು ಹಿಡಿದರು.

“ಮಾಸ್ತರ, ನಿನ್ನೆ ಎಲ್ಲಾರೂ ಅಡಗಿ ಭಟ್ಟರಂಗ ಬಟ್ಟಿ ಸುತಗೊಂಡು ನಿಂತಿದ್ರಿ. ಅದು ಹೋಗ್ಲಿ. ನಡುವ ಒಂದ ಕಡೆ ಯಾಕ ಜಾಗಾ ಬಿಟ್ಟಿದ್ರಿ? ಯಾರರ ಬರಾವ್ರಿದ್ರೇನು?”

“ಅದು ಡಾಕ್ಟರ ಜಾಗಾ, ಕಾಕಾ.”

“ಡಾಕ್ಟರು ಸತ್ರಲ್ಲೋ.”

“ಸತ್ರೂ ಅವರ ಜಾಗಾ ಹಂಗ ಇರತೈತಿ.”

ಕಾಕಾ ಗೇಟಿನ ಸರಳು ಹಿಡಿದುಕೊಂಡರು. ಆಮೇಲೆ, “ನನಗ ಬದಕಿದ್ದಾಗನ ಯಾರೂ ಜಾಗಾ ಬಿಟ್ಟಿಲ್ಲಪಾ. ಲಗ್ನದಾಗ, ಪಂಗತಿಯಾಗ, ಎಲ್ಲಾ ಕಡೆ ನಾ ಅಂಚಿಗಿ ಕುಂಡ್ರಾಂವ. ಒಳಗ ಸರೀರಿ ಅನ್ನಾಕ ಒಬ್ಬ ಅಣ್ಣ ಇಲ್ಲ, ತಮ್ಮ ಇಲ್ಲ. ನಿಮ್ಮಂದ್ಯಾಗ ನನ್ನ ಹಾಕ್ಕೊಂತೀರೇನು ಕೇಳು” ಎಂದರು.

ಅವರಿಗೆ ಬೇಕಾಗಿದ್ದುದು ಇಷ್ಟೇ, ಇದರಲ್ಲಿ ಪ್ರತಿಷ್ಠೆಯಿಲ್ಲ, ಲಾಭವಿಲ್ಲ. ನಾನು ಸಭೆಯಲ್ಲಿ ಅವರ ಪರವಾಗಿ ಮಾತನಾಡಿದೆ. ಯಾರೂ ಬೇಡವೆನ್ನಲಿಲ್ಲ. ಬರುವ ಬಾಗೇವಾಡಿ ಸಭೆಗೆ ಕರೆತರಲು ಹೇಳಿದರು.

ಜೋಳದ ರಾಶಿಯ ಕಾಲ. ವಿಜಾಪುರದಲ್ಲಿ ಬಸ್ಸು ಬದಲಾಯಿಸಿ ಬಾಗೇವಾಡಿಗೆ ಹೋದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಧೋತರ ಉಟ್ಟಿದ್ದರು. ತೊಡೆಯ ಮೇಲೆ ಲಿಂಬೆಕಾಯಿಯ ಚೀಲ.

“ಯಾಕ್ರಿ ಇದು?” ಎಂದೆ.

“ಅಣ್ಣತಮ್ಮರ ಮನಿಗೆ ಖಾಲಿ ಕೈಲೆ ಹೋಗ್ತಾರೇನು?” ಎಂದರು. ಕಂಡಕ್ಟರ್ ಚೀಲಕ್ಕೆ ಲಗೇಜು ಹಾಕುತ್ತೇನೆಂದಾಗ, “ನಾಲ್ಕ ಕಾಯಿ ತಗೋ, ಶರಬತ್ತ ಮಾಡ್ಕೊ, ಲಗೇಜ ಮರತಬಿಡು” ಎಂದು ಅವನ ಜೇಬಿಗೆ ತುರುಕಿದರು.

ಸಾಲೆಯ ಪಕ್ಕದ ಕೋಣೆಯಲ್ಲಿ, ಗೋಡೆಗೆ ತೂಗುಬಿಟ್ಟ ನಕಾಶೆಗಳ ಕೆಳಗೆ, ಅವರನ್ನು ಸಿದ್ಧಪಡಿಸತೊಡಗಿದೆ. ಒಳಗೆ ಬರುವವನ ಮೈಮೇಲೆ ಲೋಹ ಇರಕೂಡದೆಂಬುದು ಕೈಹಿಡಿಯುವವನು ನೋಡಿಕೊಳ್ಳಬೇಕಾದ ನಿಯಮ. ಬಡವ ಬಲ್ಲಿದ ಎಂಬ ಭೇದ ಹೊರಗೇ ಉಳಿಯಲಿ ಎಂಬುದು ಅದರ ಅರ್ಥ. ಗಡಿಯಾರ ಬಿಚ್ಚಿದರು, ಗೋದಾಮಿನ ಕೀಲಿ ಕೊಟ್ಟರು, ಬೆರಳಿನ ಉಂಗುರವನ್ನು ಲಿಂಬೆರಸ ಹಚ್ಚಿ ಜಾರಿಸಿದರು. ಅಂಗಿ ತೆಗೆದಾಗ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಕಂಡಿತು. ಒಳಗೆ ಇಷ್ಟಲಿಂಗ.

“ಕಾಕಾ, ಇದು ಬೆಳ್ಳಿ,” ಎಂದೆ.

“ಬೆಳ್ಳಿ ಹೊರಗಿನದು ಮಾಸ್ತರ. ಒಳಗಿಂದು ಬೆಳ್ಳಿ ಅಲ್ಲ. ಒಳಗಿಂದು ಮೈಬಿಟ್ಟು ತಗದ್ರ ನಾ ಸತ್ತಂಗ. ನೀ ಕುರುಬರ ಹುಡುಗ, ನಿನಗ ಗೊತ್ತಿರಾಕಿಲ್ಲ.”

“ಗೊತ್ತೈತ್ರಿ,” ಎಂದು ನಾನು ವಕೀಲರಲ್ಲಿಗೆ ಓಡಿದೆ.

ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೇಳಿ ನಕ್ಕರು. “ಇದರಾಗ ಇಷ್ಟು ಗಾಬರಿ ಆಗೋದು ಏನದ? ಬೆಳ್ಳಿ ಹೊರಗ ಇರಲಿ, ಲಿಂಗ ಅವರ ಕೈಯೊಳಗ ಇರಲಿ. ನನ್ನ ಜನಿವಾರ ನೂಲಿಂದು ಅಂತ ನನ್ನ ಯಾರೂ ಕೇಳಲಿಲ್ಲ. ಅವರ ಲಿಂಗದ ಕರಡಗಿ ಬೆಳ್ಳಿದಾತು ಅಂತ ಅವರಿಗೆ ತ್ರಾಸ ಯಾಕ?”

ಅಂದು ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕುಂದಿಲ್ಲ. ಈ ಮಾತನ್ನು ಓದುವವರು ಗಮನಿಸಬೇಕು. ಕಾಕಾ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಎಡ ಅಂಗೈಯಲ್ಲಿ ಹಿಡಿದರು. ಕರಡಿಗೆಯನ್ನು ನಾನು ಅವರ ಅಂಗಿಯ ಮಡಿಕೆಯಲ್ಲಿಟ್ಟೆ. “ಛಲೋ ಆತು, ಪೂಜಾಕ್ಕ ಕುಂತಂಗಾತು. ಇನ್ನ ಕಣ್ಣ ಕಟ್ಟು, ಅಂಜಿಕಿಲ್ಲ,” ಎಂದರು.

ಕಣ್ಣು ಕಟ್ಟಿ, ಬಲಗೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಕಾಕಾ ನೆಲವನ್ನು ಕಾಲಲ್ಲಿ ತಡವುತ್ತ ನಡೆದರು. ಸಭೆ ಸುಮ್ಮನೆ ಕುಳಿತಿತ್ತು. ಮುಖ್ಯಪೀಠದ ನಂತರದ್ದಾದ ಪಡುವಣ ಪೀಠದ ಮುಂದೆ ನಿಂತೆವು. ಆ ಪೀಠದಲ್ಲಿದ್ದವರು ಸಿಂದಗಿಯ ಜಿನ್ನಿನ ಸಾವಕಾರರು, ಅವರೂ ಲಿಂಗವಂತರು, ನಮ್ಮ ಲಾಡ್ಜಿನ ಹಳೆಯ ತಲೆ. ಅಲ್ಲಿ ಕೇಳುವ ಪ್ರಶ್ನೆ ಇದು: “ಮೈಮೇಲೆ ಬೆಲೆಯುಳ್ಳದ್ದು ಏನಾದರೂ ಇಟ್ಟುಕೊಂಡು ಬಂದಿದ್ದೀಯಾ?”

ಉತ್ತರ ‘ಏನೂ ಇಲ್ಲ’. ನಾನು ಕಿವಿಯಲ್ಲಿ ಹೇಳಿದೆ. ಕಾಕಾ ಬಾಯಿ ತೆರೆಯಲಿಲ್ಲ. ಮತ್ತೆ ಹೇಳಿದೆ. ಅವರು ಕಟ್ಟಿದ ಕಣ್ಣಿನ ಮುಖವನ್ನು ನನ್ನ ಕಡೆ ತಿರುಗಿಸಿ, ಇಡೀ ಸಾಲೆಗೆ ಕೇಳುವಂತೆ, “ಹೆಂಗ ಅನ್ಲೋ?” ಎಂದರು. ಆಮೇಲೆ ಪೀಠದ ಕಡೆ ತಿರುಗಿ, ಸಾವಕಾಶವಾಗಿ, ಮರ್ಯಾದೆಯಿಂದ ಹೇಳಿದರು:

“ಐತ್ರಿ.”

ಹಿಂದೆ ಯಾರೋ ಕಿಸಕ್ಕೆಂದರು. ಸಾವಕಾರರು ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು, ಈ ಸಲ ದನಿ ಸ್ವಲ್ಪ ಸಣ್ಣದಾಗಿತ್ತು.

“ಐತ್ರಿ. ಕೈಯಾಗನ ಐತಿ.”

ನಮ್ಮ ವಿಧಿಯಲ್ಲಿ ಈ ಉತ್ತರಕ್ಕೆ ಜಾಗವಿಲ್ಲ. ‘ಏನಿದೆ’ ಎಂದು ಕೇಳುವ ಮುಂದಿನ ಪ್ರಶ್ನೆಯೇ ಇಲ್ಲ. ಸಾವಕಾರರ ಕೈ ತಮ್ಮ ಅಂಗಿಯ ಮೇಲೆ, ಎದೆಯ ನಡುವೆ ಹೋಗಿ ನಿಂತದ್ದನ್ನು ನಾನು ಕಂಡೆ. ಅವರು ಮುಖ್ಯಪೀಠದ ಕಡೆ ನೋಡಿದರು. ವಕೀಲರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, ಕೊನೆಗೆ ಮೇಜಿನ ಮೇಲೆ ಮರದ ಕೊಡತಿಯಿಂದ ಕುಟ್ಟಿದರು. ತಪ್ಪು ಉತ್ತರ ಬಂದಲ್ಲಿ ವಿಧಿ ನಿಲ್ಲಬೇಕು, ಬಂದವನನ್ನು ಹೊರಗೆ ಕರೆದೊಯ್ಯಬೇಕು. ನಾನು ಕರೆದೊಯ್ದೆ.

ನಕಾಶೆಯ ಕೋಣೆಯಲ್ಲಿ ಕಣ್ಣು ಬಿಚ್ಚಿದಾಗ ಕಾಕಾ ಬೆಳಕಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದರು. “ಮುಗೀತೇನು? ಆದ್ನೇನು ನಾ ತಮ್ಮ?”

“ಇಲ್ರಿ ಕಾಕಾ. ನಿಂತೈತಿ. ‘ಇಲ್ಲ’ ಅನ್ನಬೇಕಿತ್ತು ನೀವು.”

ಅವರು ಅಂಗೈ ಬಿಡಿಸಿ ನೋಡಿಕೊಂಡರು. “ಮಾಸ್ತರ, ಪ್ಯಾಟ್ಯಾಗ ನಾ ದಿನಾ ಸುಳ್ಳ ಹೇಳಾಂವ. ಬಾಡಿದ ಕಾಯಿಗೆ ನಿನ್ನೆ ಹರದದ್ದು ಅಂತೇನಿ. ಅದು ಎಲ್ಲಾರಿಗೂ ಗೊತ್ತು, ತಗೊಳ್ಳಾಂವಗೂ ಗೊತ್ತು. ಆದ್ರ ಲಿಂಗ ಕೈಯಾಗ ಹಿಡಕೊಂಡು, ಬೆಲೆ ಇದ್ದದ್ದು ಏನೂ ಇಲ್ಲ ಅಂತ ಹೆಂಗ ಅನ್ಲಿ? ಬ್ಯಾರೆ ಏನರ ಕೇಳಿದ್ರ ನಿನ್ನ ಮಾತ ಮೀರತಿದ್ದಿಲ್ಲ.”

ಲಿಂಬೆಕಾಯಿಯ ಚೀಲವನ್ನು ಅವರು ತಿರುಗಿ ಒಯ್ಯಲಿಲ್ಲ. ಸಭೆ ಮುಗಿದ ಮೇಲೆ ನಮ್ಮ ಸಹೋದರರು ಅದೇ ಕಾಯಿಯ ಶರಬತ್ತು ಕುಡಿದರು.

ಇದು ಆದದ್ದು ಬಸವನ ಬಾಗೇವಾಡಿಯಲ್ಲಿ. ಆ ಊರಿನ ಹೆಸರಿನ ಮೊದಲರ್ಧವನ್ನು ನಮ್ಮ ಹಿರಿಯರು ಭಾಷಣಗಳಲ್ಲಿ ಬಾಯಿ ತುಂಬ ಹೇಳುತ್ತಾರೆ. ಅಲ್ಲಿಯೇ ಒಬ್ಬ ಮನುಷ್ಯ ಅಂಗೈಯಲ್ಲಿ ಲಿಂಗ ಹಿಡಿದು, ಇದಕ್ಕೆ ಬೆಲೆಯಿದೆ ಎಂದದ್ದಕ್ಕೆ ಹೊರಬಿದ್ದ.

ಮುಂದಿನ ತಿಂಗಳು ಸಿಂದಗಿಯಲ್ಲಿ ಸಭೆ. ಕಾಕಾನ ವಿಷಯ ಏನಾಯಿತೆಂದು ಕೇಳಿದೆ. ‘ಮುಂದೂಡಲಾಗಿದೆ’ ಎಂದರು. ಅದರ ಮುಂದಿನ ತಿಂಗಳೂ ಅದೇ. ನಮ್ಮ ಹಿರಿಯರು ಒಬ್ಬೊಬ್ಬರಾಗಿ ಸಿಕ್ಕರೆ ಎಂಥ ಒಳ್ಳೆಯವರು! ಬಸ್ ಸ್ಟ್ಯಾಂಡಿನಲ್ಲಿ, ಚಹದಂಗಡಿಯಲ್ಲಿ ಎಲ್ಲರೂ “ಪಾಪ, ಅಂವ ಅಂದದ್ದು ಖರೇನ ಐತಿ ಬಿಡ್ರಿ” ಎನ್ನುವವರೇ. ಸಭೆಯಾಗಿ ಕುಳಿತೊಡನೆ ಒಬ್ಬರೂ ಬಾಯಿ ಬಿಡುವುದಿಲ್ಲ. ಇದನ್ನು ನಾನು ಕ್ರೌರ್ಯ ಎನ್ನುತ್ತೇನೆ. ಕೆಟ್ಟವರು ಮಾಡಿದರೆ ಅದನ್ನು ಎದುರಿಸುವುದು ಸುಲಭ. ಒಳ್ಳೆಯವರು ಕೂಡಿ, ಸುಮ್ಮನೆ ಕುಳಿತು ಮಾಡುವ ಕ್ರೌರ್ಯವನ್ನು ಯಾರ ಹೆಸರಿಗೆ ಬರೆಯುವುದು?

ಸಿಂದಗಿ ಸಭೆ ಮುಗಿದ ಮೇಲೆ ಸಾವಕಾರರು ನನ್ನನ್ನು ನಿಲ್ಲಿಸಿಕೊಂಡರು. ಜಿನ್ನಿನ ಅಂಗಳದಲ್ಲಿ ಅರಳೆಯ ಎಳೆಗಳು ಗಾಳಿಗೆ ಹಾರಿ ಅವರ ಮೀಸೆಗೆ ಅಂಟುತ್ತಿದ್ದವು.

“ಮಾಸ್ತರ, ನೀವು ಭಾಳ ಸಿಟ್ಟಿನ್ಯಾಗ ಅದೀರಿ.”

“ಹೌದ್ರಿ.”

“ಇರ್ರಿ. ಆದ್ರ ಒಂದ ಮಾತ ಕೇಳ್ರಿ. ನನ್ನ ತಗೊಂಡಾಗ ನಾ ಹುಡುಗ. ಲೋಹ ಇರಬಾರದು ಅಂದ್ರು. ವಸ್ತ್ರದಾಗ ಸುತ್ತೂದು ನನಗ ಹೊಳೀಲಿಲ್ಲ, ಯಾರೂ ಹೇಳಲೂ ಇಲ್ಲ. ಕರಡಗಿ ತಗದು ಗ್ವಾಡಿ ಮೊಳಿಗೆ ಹಾಕಿ ಒಳಗ ಹೋದೆ. ‘ಏನೂ ಇಲ್ಲ’ ಅಂದೆ. ಖರೇನ ಅಂದೆ, ಮೈಮ್ಯಾಲ ಏನೂ ಇದ್ದಿದ್ದಿಲ್ಲ. ಮನ್ಯಾಗ ಇವತ್ತಿಗೂ ಹೇಳಿಲ್ಲ.” ಅವರು ಮೀಸೆಯ ಮೇಲಿನ ಅರಳೆಯನ್ನು ತೆಗೆದು ಬೆರಳಲ್ಲಿ ಹೊಸೆಯತೊಡಗಿದರು. “ಈಗ ಅಂವ ಬಂದು ‘ಐತಿ’ ಅಂದ. ಅಂವ ಅಂದದ್ದು ಸರಿ ಅಂತ ನಾವು ಠರಾವು ಮಾಡಿದ್ರ, ನಾ ಮಾಡಿದ್ದು ಏನಾತು? ನನ್ನಂಗ ‘ಇಲ್ಲ’ ಅಂದು ಒಳಗ ಬಂದವರು ಎಷ್ಟ ಮಂದಿ ಕುಂತಾರ ಅಲ್ಲಿ. ಅವರ್ಯಾರೂ ಬಾಯಿ ತಗಿಯಾಂಗಿಲ್ಲ.”

ವಿಶ್ವವಿದ್ಯಾಲಯದಲ್ಲಿ ನಾವು ಅಧಿಕಾರದ ಬಗ್ಗೆ ಎಷ್ಟೆಲ್ಲ ಚರ್ಚಿಸಿದ್ದೆವು. ಬಾಗಿಲು ಮುಚ್ಚಿ ಹಿಡಿಯುವುದು ದರ್ಪವೇ ಆಗಬೇಕಿಲ್ಲ, ನಾಚಿಕೆಯೂ ಆಗಬಹುದೆಂದು ಯಾರೂ ಅಂದಿರಲಿಲ್ಲ.

“ಬರೀರಿ ಬೇಕಾದ್ರ,” ಎಂದರು ಸಾವಕಾರರು. “ನೀವು ಬರಿಯಾವ್ರ ಅಂತ ನನಗ ಗೊತ್ತೈತಿ. ಹೆಸರ ಹಾಕಬ್ಯಾಡ್ರಿ. ಓದಿ ಗುರ್ತ ಹಿಡದವರು ಹಿಡೀಲಿ, ಮನ್ಯಾಗ ನಾನ ಹೇಳ್ತೇನಿ. ಇನ್ನ ಆ ಪೀಠದಾಗ ಕುಂತು ಆ ಪ್ರಶ್ನಿ ಕೇಳೂದು ನನ್ನಿಂದ ಆಗೂದಿಲ್ಲ. ನನ್ನ ಜಾಗಾಕ ನಿಮ್ಮನ್ನ ಮಾಡ್ರಿ ಅಂತ ಹೇಳಾಂವ ಅದೇನಿ.”

ಹೀಗೆ ನನ್ನ ಮೂರನೆಯ ಪಾತ್ರ ನನ್ನತ್ತ ಬಂತು. ಪಡುವಣ ಪೀಠ. ಎಳೆಯ ಸದಸ್ಯನಿಗೆ ಇದು ದೊಡ್ಡ ಮಾನ, ಸುಳ್ಳು ಹೇಳುವುದಿಲ್ಲ, ಕೇಳಿ ಹಿಗ್ಗಿದೆ. ಆಮೇಲೆ ಆ ಪೀಠದವನು ಆಡಬೇಕಾದ ಮಾತು ನೆನಪಾಯಿತು.

ಮುದ್ದೇಬಿಹಾಳದ ಸಭೆಯ ದಿನ ಮುಂಚೆಯೇ ವಾಡೆಗೆ ಹೋದೆ. ವಕೀಲರು ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಕುಳಿತಿದ್ದರು. ಎದುರಿಗೆ ಕುರ್ಚಿ ಹಾಕಿಸಿದರು, ಅವಲಕ್ಕಿ ತರಿಸಿದರು.

“ನೀವು ಪೀಠಕ್ಕ ಬರ್ಲಿಕ್ಕೆ ಒಪ್ಪಿಲ್ಲ ಅಂತ ಕೇಳಿದೆ,” ಎಂದರು.

“ಒಪ್ಪೂದೋ ಬಿಡೂದೋ ಆಮ್ಯಾಲ ಹೇಳ್ತೇನ್ರಿ. ‘ಬೆಲೆಯುಳ್ಳದ್ದು’ ಅನ್ನೋ ಮಾತು ಎಲ್ಲಿಂದ ಬಂತು? ಕೈಹಿಡಿಯೋನ ನಿಯಮದಾಗ ಬರೇ ಲೋಹ ಅಂತ ಐತಲ್ರಿ.”

ವಕೀಲರು ಜೋಕಾಲಿ ನಿಲ್ಲಿಸಿದರು. “ಖರೆ ಹೇಳ್ಬೇಕಂದ್ರ ಇಂಗ್ಲೀಷಿನೊಳಗ ಎರಡೂ ಕಡೆ ಲೋಹ ಅಂತನೇ ಅದ. ನಮ್ಮ ಹಿಂದಿನವರು ಕನ್ನಡಕ್ಕ ಮಾಡೋವಾಗ, ಲೋಹ ಅಂದ್ರ ಮಂದಿ ಕಬ್ಬಿಣ, ಹಿತ್ತಾಳಿ ಅಂತ ತಿಳೀತಾರ, ಬಂಗಾರ ಬಿಟ್ಟಬಿಡ್ತಾರ ಅಂತ ‘ಬೆಲೆಯುಳ್ಳದ್ದು’ ಮಾಡಿದರು. ಛಲೋ ಮಾಡಬೇಕು ಅಂತನೇ ಮಾಡಿದರು ಪಾಪ.”

“ಅಂದ್ರ ಕಾಕಾನ ಮೈಮ್ಯಾಲ ಲೋಹ ಇದ್ದಿದ್ದಿಲ್ಲ. ಅಸಲ ಪ್ರಶ್ನಿ ಕೇಳಿದ್ರ ಅವರು ‘ಇಲ್ಲ’ ಅಂತಿದ್ರು, ಅದೂ ಖರೇನ ಆಗತಿತ್ತು.”

“ಹೌದು.”

“ಇದು ನಿಮಗ ಆವತ್ತ ಗೊತ್ತಿತ್ತೇನ್ರಿ? ಕೊಡತಿ ಕುಟ್ಟೂವಾಗ?”

ಅವರು ಕಾಲಿನಿಂದ ನೆಲ ಒತ್ತಿದರು. ಜೋಕಾಲಿಯ ಸರಪಳಿ ಕಿರುಗುಟ್ಟಿತು. “ಗೊತ್ತಿತ್ತು. ಸಭಾದ ನಡುವ ಶಬ್ದ ತಿದ್ದೋ ಅಧಿಕಾರ ನನಗದನೋ ಇಲ್ಲೋ ಅಂತ ವಿಚಾರ ಮಾಡ್ಕೋತ ಕೂತೆ. ಅಷ್ಟರಾಗ ಕೈ ಕುಟ್ಟಿಬಿಡ್ತು. ಈಗ ತಿದ್ದಬೇಕಂದ್ರ ನಮ್ಮ ಮ್ಯಾಲಿನ ದೊಡ್ಡ ಲಾಡ್ಜಿನವರನ್ನ ಕೇಳಬೇಕು. ಅವರು ಇಷ್ಟು ವರ್ಷ ನೀವು ಏನು ಕೇಳ್ಕೋತ ಬಂದ್ರಿ ಅಂತ ಕೇಳ್ತಾರ. ಹಂಗಾರ ನಿಮ್ಮವರ ಪ್ರತಿಜ್ಞಾನೇ ಖರೇ ಅಲ್ಲ ಅಂತ ಅವರು ಅಂದ್ರ ಏನ ಮಾಡ್ತೀರಿ?” ನನ್ನನ್ನು ನೋಡಿ, “ನಿಮ್ಮದೂ ಬಂತು ಅದರೊಳಗ,” ಎಂದರು.

“ಬರಲಿ ಬಿಡ್ರಿ. ಮತ್ತ ಒಮ್ಮೆ ಹೇಳಿದ್ರಾತು. ಬಾಯೇನ ಸವೆಯೂದಿಲ್ಲ.”

ವಕೀಲರು ನಕ್ಕರು, ಆದರೆ ಕಣ್ಣು ನಗಲಿಲ್ಲ. “ನಿಮ್ಮ ವಯಸ್ಸಿನೊಳಗ ನಾನೂ ಹಿಂಗ ಮಾತಾಡ್ತಿದ್ದೆ. ಅವಲಕ್ಕಿ ತಿನ್ರಿ.”

ಆ ದಿನ ಸಭೆ ಮುಗಿಸುವಾಗ ಪದ್ಧತಿಯಂತೆ ಎಲ್ಲರೂ ಸುತ್ತ ನಿಂತು ಕೈ ಹಿಡಿದೆವು. ಜೀವಂತರ ಸಭೆಯಲ್ಲಿ ನಡುವೆ ಜಾಗ ಬಿಡುವುದಿಲ್ಲ. ಅದು ಸತ್ತವರಿಗೆ ಮಾತ್ರ. ನಾನು ಬಲಗೈಯನ್ನು ಯಾರಿಗೂ ಕೊಡಲಿಲ್ಲ. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಂತೆ. ಆ ಜಾಗದ ಆಚೆ ಬದಿಗೆ ಇದ್ದವರು ಸಿಂದಗಿಯ ಸಾವಕಾರರು. ಅವರು ನನ್ನ ಕಡೆ ಸರಿಯಬಹುದಿತ್ತು, ಸರಿಯಲಿಲ್ಲ. ತಮ್ಮ ಎಡಗೈಯನ್ನು ಹಾಗೇ ಇಳಿಬಿಟ್ಟು ನಿಂತರು. ಎಲ್ಲರೂ ನೋಡಿದರು. ಸುತ್ತು ಮುಚ್ಚಿರೆಂದು ಆಜ್ಞೆ ಮಾಡುವ ಹಕ್ಕು ಮುಖ್ಯಪೀಠಕ್ಕಿದೆ. ವಕೀಲರು ಆ ಖಾಲಿ ಜಾಗವನ್ನು ನೋಡಿದರು, ನನ್ನನ್ನು ನೋಡಿದರು, ಆಜ್ಞೆ ಮಾಡಲಿಲ್ಲ. ಮುಕ್ತಾಯದ ಮಾತನ್ನು ಹೇಳಿ ಸಭೆ ಮುಗಿಸಿದರು.

ಇಂಡಿಯ ಪೇಟೆಯಲ್ಲಿ ಈಗ ಹಮಾಲರು ಕಾಕಾನನ್ನು ಕಂಡಾಗಲೆಲ್ಲ, “ಏನರ ಐತೇನ್ರಿ ಕಾಕಾ ಮೈಮ್ಯಾಲ?” ಎಂದು ಕಾಡುತ್ತಾರೆ. ಅವರು “ಐತ್ರೆಪಾ, ಐತಿ!” ಎಂದು ಕೂಗಿ ಹೇಳಿ ನಗುತ್ತಾರೆ. ಆದರೆ ಪ್ರತಿ ತಿಂಗಳು ಸಭೆಗೆ ಮುನ್ನ ಸಾಲೆಯ ಗೇಟಿನಲ್ಲಿ ನಿಂತು, ಯಾರೂ ಇಲ್ಲದಾಗ, ಮೆಲ್ಲಗೆ ಕೇಳುತ್ತಾರೆ: “ಈ ಸಲ ಯಾವೂರಾಗ ಮಾಸ್ತರ? ನಂದೇನರ ಮಾತ ಬಂತೇನು?” ಆಗ ಅವರು ನಗುವುದಿಲ್ಲ. ಬರುವ ಸಭೆ ಇಂಡಿಯಲ್ಲೇ ಎಂದು ಹೇಳಿದ್ದೇನೆ. ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟಿದ್ದಾರಂತೆ, ಕಾಕು ಹೇಳಿದರು. ಒಳಗೆ ಕರೆಯದಿದ್ದರೂ ವಾಚನಾಲಯದ ಮೆಟ್ಟಿಲ ಮೇಲೆ ಕೂರುತ್ತಾರಂತೆ.

ಆದ್ದರಿಂದ ನಮ್ಮ ಲಾಡ್ಜಿನ ಮುಖ್ಯಪೀಠದವರಿಗೂ ಎಲ್ಲ ಹಿರಿಯ ಸಹೋದರರಿಗೂ, ಓದುವವರ ಸಮಕ್ಷಮದಲ್ಲಿ, ವಿನಯದಿಂದ ಆದರೆ ಸ್ಪಷ್ಟವಾಗಿ ಕೇಳಿಕೊಳ್ಳುತ್ತೇನೆ. ಅನುವಾದದಲ್ಲಿ ತಪ್ಪಾಗಿರುವುದು ನಿಮಗೆ ತಿಳಿದಿತ್ತು. ತಿಳಿದೂ ಆ ಮನುಷ್ಯನನ್ನು ಹೊರಗಿಟ್ಟದ್ದು ಯಾವ ಅಧಿಕಾರದಿಂದ, ಯಾರ ನಿರ್ಣಯದಿಂದ ಎಂಬುದಕ್ಕೆ ಇಂಡಿಯ ಸಭೆಯಲ್ಲಿ, ಎಲ್ಲರೆದುರು, ಉತ್ತರ ಕೊಡಬೇಕು. ‘ಮುಂದೂಡಲಾಗಿದೆ’ ಎಂಬುದನ್ನು ನಾನು ಉತ್ತರವೆಂದು ಸ್ವೀಕರಿಸುವುದಿಲ್ಲ. ಪ್ರಶ್ನೆಯಲ್ಲಿ ‘ಬೆಲೆಯುಳ್ಳದ್ದು’ ಎಂದಿರುವಲ್ಲಿ ‘ಲೋಹ’ ಎಂದು ಅಂದೇ ತಿದ್ದಬೇಕು. ಅದಕ್ಕೆ ದೊಡ್ಡ ಲಾಡ್ಜಿನ ಒಪ್ಪಿಗೆ ಬರುವವರೆಗೆ ಕಾಯಲೇಬೇಕೆಂದಾದರೆ, ‘ಐತ್ರಿ’ ಎಂಬ ಉತ್ತರವನ್ನೂ ಸರಿಯೆಂದು ಒಪ್ಪಬೇಕು. ‘ಇಲ್ಲ’ ಎಂದು ಒಳಗೆ ಬಂದ ಹಿರಿಯರಿಗೆ ಇದರಿಂದ ಅವಮಾನವಾಗುವುದಿಲ್ಲ. ಅವರೊಡನೆ ನಾನೂ ನನ್ನ ಪ್ರತಿಜ್ಞೆಯನ್ನು ಮೊದಲಿನಿಂದ ಹೇಳಲು ಸಿದ್ಧ. ಹಾಗೂ ಬಾಗೇವಾಡಿಯಲ್ಲಿ ನಿಂತುಹೋದ ವಿಧಿಯನ್ನು, ಅದು ನಿಂತ ಅದೇ ಮಾತಿನಿಂದ, ಮತ್ತೆ ನಡೆಸಬೇಕು.

ಪಡುವಣ ಪೀಠಕ್ಕೆ ನನ್ನನ್ನು ಆರಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ. ಮೇಲಿನ ಕೆಲಸ ಆದಲ್ಲಿ ಅಂದೇ ಆ ಪೀಠದಲ್ಲಿ ಕುಳಿತು ಮೊದಲ ಪ್ರಶ್ನೆಯನ್ನು ಕಾಕಾನಿಗೇ ಕೇಳುತ್ತೇನೆ. ಆಗದಿದ್ದಲ್ಲಿ ಪೀಠ ಖಾಲಿಯಿರಲಿ. ನಾನು ಅವರ ಪಕ್ಕದಲ್ಲಿ, ಮೆಟ್ಟಿಲ ಮೇಲೆ, ನನ್ನ ಬಿಳಿ ಬಟ್ಟೆ ಕಟ್ಟಿಕೊಂಡೇ ಕುಳಿತಿರುತ್ತೇನೆ. ಉತ್ತರವನ್ನು ಅಲ್ಲಿಗೇ ಇಳಿದು ಬಂದು ಹೇಳಬೇಕಾಗಿ ವಿನಂತಿ.